ಬೆಟ್ಟದೂರಿನಲ್ಲಿ ಕಡಲ ಮೀನಿನ ವ್ಯಾಪಾರ

ವಿರಾಜಪೇಟೆಯಲ್ಲಿ ನಾನು ಮೀನಿನಂಗಡಿ ಇಟ್ಟು ಹನ್ನೊಂದು ವರ್ಷಗಳಾದವು. ಈ ಕೆಲಸಕ್ಕೆ ಇಳಿಯಬೇಕೆಂದು ಬರುವ ಹುಡುಗರು ಮೊದಲು ಕೇಳುವುದು ಬಂಡವಾಳ ಎಷ್ಟು ಬೇಕೆಂದು. ನಸುಕಿನಲ್ಲಿ ಮೀನಿನ ಗಾಡಿ ಬರುವ ಹೊತ್ತಿಗೆ ಬಾ, ಮಾತನಾಡೋಣ ಎನ್ನುತ್ತೇನೆ. ಅರ್ಧಕ್ಕರ್ಧ ಮಂದಿ ಮತ್ತೆ ಮುಖ ತೋರಿಸುವುದಿಲ್ಲ.

ಮಂಗಳೂರಿನ ಮೀನುಬಂದರಾದ ಧಕ್ಕೆಯ ಮೀನು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುತ್ತದೆ. ಕಣ್ಣೂರು, ತಲಶ್ಶೇರಿ ಕಡೆಯದು ಮಾಕುಟ್ಟದ ಕಾಡುದಾರಿಯಲ್ಲಿ ನಮ್ಮೂರು ಸೇರುತ್ತದೆ. ಆದ್ದರಿಂದ ಇಲ್ಲಿ ಮೀನು ಮಾರುವವನು ಮೊದಲು ಮಂಜುಗಡ್ಡೆಯ ಲೆಕ್ಕ ಕಲಿಯಬೇಕು. ಕಿಲೋ ಮೀನಿಗೆ ಕಿಲೋ ಪುಡಿ ಐಸ್ ಹಾಕಿ, ಕರಗಿದ ನೀರು ನಿಲ್ಲದಂತೆ ಪೆಟ್ಟಿಗೆಯ ತಳದಲ್ಲಿ ತೂತು ಬಿಡಬೇಕು. ಐಸಿನಲ್ಲಿ ಜಿಪುಣತನ ತೋರಿದರೆ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ಅಂಶ ಹೆಚ್ಚಿ, ತಿಂದವರ ಮೈ ಕೆಂಪೇರಿ ತುರಿಸತೊಡಗುತ್ತದೆ; ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಅಂಗಡಿ ತೆರೆದ ಮೊದಲ ತಿಂಗಳಲ್ಲೇ ನಾನು ಮೇಲಿನ ಪದರದ ಹೊಳಪು ನೋಡಿ ಒಂದು ಪೆಟ್ಟಿಗೆ ಬೂತಾಯಿ ಕೊಂಡು, ಮನೆಗೆ ತಂದು ಸುರಿದಾಗ ಕೆಳಗಿನದೆಲ್ಲ ಹೊಟ್ಟೆ ಒಡೆದಿತ್ತು. ಅಂದಿನಿಂದ ಕೈಯನ್ನು ತಳದವರೆಗೆ ಇಳಿಸಿ ಒಂದನ್ನು ಹೊರತೆಗೆದು, ಕಿವಿರು ಕೆಂಪಾಗಿದೆಯೇ, ಕಣ್ಣು ಉಬ್ಬಿದೆಯೇ, ಒತ್ತಿದ ಬೆರಳಿನ ಗುರುತು ಉಳಿಯುತ್ತದೆಯೇ ಎಂದು ನೋಡದೆ ಹಣ ಕೊಡುವುದಿಲ್ಲ. (ಇದೇ ಬೂತಾಯಿಯನ್ನು ಕೇರಳದ ಗಿರಾಕಿಗಳು ಮತ್ತಿ ಎನ್ನುತ್ತಾರೆ, ಬಂಗುಡೆ ಅವರಿಗೆ ಅಯಿಲ. ಎರಡೂ ಹೆಸರು ಬಾಯಿಗೆ ಬರಬೇಕು.) 2018ರಲ್ಲಿ ಕೇರಳದಲ್ಲಿ ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ರಾಸಾಯನಿಕ ಬೆರೆತ ಮೀನು ಸಿಕ್ಕಿಬಿದ್ದ ಮೇಲೆ ಗಿರಾಕಿಗಳೂ ಕಿವಿರು ಎತ್ತಿ ನೋಡುವುದನ್ನು ಕಲಿತಿದ್ದಾರೆ. ಅದರಿಂದ ನನಗೇನೂ ಬೇಸರವಿಲ್ಲ.

ಸ್ಥಳೀಯ ಸಂಸ್ಥೆಯ ಪರವಾನಗಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಮುದ್ರೆ ಬಿದ್ದ ತಕ್ಕಡಿ, ಇವು ಇರಲೇಬೇಕು, ಓಡಾಡಿದರೆ ಆಗುತ್ತವೆ. ಕೈಕೆಲಸ ಹಾಗಲ್ಲ. ಬೇರೆಯವರ ಅಂಗಡಿಯಲ್ಲಿ ಆರು ತಿಂಗಳಾದರೂ ಮಣೆಯ ಮುಂದೆ ನಿಲ್ಲದೆ ಸ್ವಂತ ಅಂಗಡಿ ಹಾಕುವುದು ದುಡುಕೆಂದೇ ನನ್ನ ಅಭಿಪ್ರಾಯ. ಚಪ್ಪಟೆಯಾದ ನಂಗು ಮೀನಿನ ತಲೆಯ ಬಳಿ ಸಣ್ಣದಾಗಿ ಕೊಯ್ದು, ಬೆರಳಿಗೆ ಕಲ್ಲುಪ್ಪು ಮೆತ್ತಿಕೊಂಡು ಚರ್ಮದ ತುದಿಯನ್ನು ಹಿಡಿದು ಬಾಲದತ್ತ ಎಳೆದರೆ ಕಾಲುಚೀಲ ಕಳಚಿದಂತೆ ಬರುತ್ತದೆ. ಉಪ್ಪಿಲ್ಲದ ಬೆರಳು ಜಾರುತ್ತಲೇ ಇರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದೇ ಹೊತ್ತಿಗೆ ಇಲ್ಲಿ ಮಳೆಗೆ ಘಾಟಿಯ ರಸ್ತೆಯೂ ಕುಸಿಯುವುದುಂಟು. ಆ ಎರಡು ತಿಂಗಳು ಕೆರೆಯ ಕಟ್ಲಾ, ರೋಹು ಮತ್ತು ಒಣಮೀನಿನಲ್ಲಿ ದಿನ ದೂಡಬೇಕು. ಆ ತಿಂಗಳುಗಳ ಅಂಗಡಿ ಬಾಡಿಗೆಯ ಹಣವನ್ನು ಬೇಸಿಗೆಯಲ್ಲೇ ತೆಗೆದಿಡಬೇಕು.

ನಸುಕಿನಲ್ಲಿ ಬಂದು ಉಳಿದುಕೊಂಡ ಹುಡುಗನೊಬ್ಬ ಈಗ ನಂಗನ್ನು ಒಂದೇ ಎಳೆತಕ್ಕೆ ಸುಲಿಯುತ್ತಾನೆ. ಅಂಜಲ್ ಕೊಯ್ಯಲು ಅವನಿಗೆ ಇನ್ನೂ ಕತ್ತಿ ಕೊಟ್ಟಿಲ್ಲ. ಆ ಬೆಲೆಯ ಮೀನಿನಲ್ಲಿ ಒಂದು ತುಂಡು ಸೊಟ್ಟಗಾದರೂ ಗಿರಾಕಿ ಬಿಡುವುದಿಲ್ಲ.