ಮೂಟೆ ಬಿಚ್ಚುವ ಮೊದಲು ಹುಲ್ಲು ನೋಡಿ

ಅಮೆರಿಕದ ಮಿಸೌರಿಯಲ್ಲಿ ಮಾಂಸದ ತಳಿಯ ದನ ಸಾಕುವ ಫಾರ್ಮ್ ಒಂದರಲ್ಲಿ ಕಡಸುಗಳ ಮೇವು ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಎತ್ತ ನೋಡಿದರೂ ಟಾಲ್ ಫೆಸ್ಕ್ಯೂ ಹುಲ್ಲು. ಚಳಿಗೆ ಒಗ್ಗಿದ ಹುಲ್ಲು ಇದು. ಏಪ್ರಿಲ್, ಮೇ ತಿಂಗಳಲ್ಲಿ ಉಕ್ಕಿ ಬೆಳೆಯುತ್ತದೆ, ಜುಲೈ ಬಿಸಿಲಿಗೆ ಬೆಳೆಯುವುದನ್ನೇ ನಿಲ್ಲಿಸುತ್ತದೆ.

ಅಕ್ಟೋಬರಿನಲ್ಲಿ ತಾಯಿ ಬಿಡಿಸಿದಾಗ ಕಡಸು ಸುಮಾರು 240 ಕಿಲೋ ಇರುತ್ತದೆ. ಮೇ ನಡುವೆ ಕೃತಕ ಗರ್ಭಧಾರಣೆ. ಅಷ್ಟರಲ್ಲಿ ಅದು ಬೆಳೆದ ಹಸುವಿನ ತೂಕದ ಶೇ 60ರ ಹತ್ತಿರ ಬರಬೇಕು. ಹಸು 590 ಕಿಲೋ ಎಂದರೆ ಕಡಸು ಸುಮಾರು 355 ಕಿಲೋ. ದಿನಕ್ಕೆ ಅರ್ಧ ಕಿಲೋಗಿಂತ ಚೂರು ಜಾಸ್ತಿ ಏರಿದರೆ ಸಾಕು. ಸುಮ್ನೆ ತಿನ್ನಿಸಿ ಕೊಬ್ಬಿಸಿದರೆ ಕೆಚ್ಚಲಿಗೇ ಕೊಬ್ಬು ಸೇರಿ, ನಾಳೆ ಅದರ ಕರುವಿಗೆ ಹಾಲು ಸಾಲುವುದಿಲ್ಲ.

ಆಗಸ್ಟಿನಿಂದ ದನ ಬಿಡದೆ ಉಳಿಸಿಟ್ಟ ಫೆಸ್ಕ್ಯೂವನ್ನು ಚಳಿಗಾಲದಲ್ಲಿ ಮೇಯಿಸುತ್ತೇವೆ. ಅದರ ಜೊತೆಗೆ ಮೈತೂಕದ ಶೇ 0.5ರಷ್ಟು ಡಿಡಿಜಿಎಸ್, ಅಂದರೆ ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಮೇವು. ಪ್ರೋಟೀನ್ ಶೇ 30ರ ಆಸುಪಾಸು, ಎಣ್ಣೆಯಂಶವೂ ಇದೆ. ರಂಜಕ ಜಾಸ್ತಿ ಇರುವುದರಿಂದ, ಅದಕ್ಕೆ ತಕ್ಕಷ್ಟು ಕ್ಯಾಲ್ಸಿಯಂ ಸಿಗಲು ಸುಣ್ಣದ ಕಲ್ಲಿನ ಪುಡಿ ಬೆರೆಸಬೇಕು. ಗಂಧಕದ ಮೇಲೂ ಕಣ್ಣಿಡಬೇಕು, ಮಿತಿ ಮೀರಿದರೆ ಮೆದುಳಿಗೇ ಪೆಟ್ಟು.

ಎಲ್ಲರೂ ಎಡವುವುದು ವಸಂತದಲ್ಲಿ. ಹೊಲ ಹಸಿರಾಗಿದೆ, ಕಡಸು ಹೊಟ್ಟೆ ತುಂಬ ಮೇಯುತ್ತಿದೆ, ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಆ ಎಳೆ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಮೀರಿ ನೀರು. ಪ್ರೋಟೀನ್ ಮಾತ್ರ ಶೇ 20 ದಾಟಿರಬಹುದು. ಅದು ಹೊಟ್ಟೆಯಲ್ಲಿ ಬೇಗ ಕರಗಿ ಅಮೋನಿಯಾ ಆಗುತ್ತದೆ. ಅದನ್ನು ಬಳಸಿಕೊಳ್ಳಲು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಶಕ್ತಿ ಸಾಲದು. ಉಳಿದದ್ದು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ, ಅದಕ್ಕೂ ದನದ ಶಕ್ತಿಯೇ ಖರ್ಚು. ಇಂಥ ಹುಲ್ಲಿನ ಮೇಲೆ ಮತ್ತಷ್ಟು ಪ್ರೋಟೀನ್ ಸುರಿದರೆ ದುಡ್ಡು ಮೂತ್ರಕ್ಕೆ ಹೋಯಿತು ಅಂತಲೇ ಲೆಕ್ಕ. ಕೊಡಬೇಕಾದದ್ದು ಶಕ್ತಿ.

ಹಾಗಂತ ಮೆಕ್ಕೆಜೋಳವನ್ನು ಬುಟ್ಟಿಗಟ್ಟಲೆ ಹಾಕುವಂತಿಲ್ಲ. ಪಿಷ್ಟ ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಳಿ ಏರಿ ನಾರು ಕರಗುವುದು ಕುಂಠಿತವಾಗುತ್ತದೆ. ಕಡಸು ಹುಲ್ಲು ಬಿಟ್ಟು ಗೋದಲಿ ಹತ್ತಿರವೇ ಕಾಯುತ್ತದೆ. ನಾನು ಸೋಯಾ ಕಾಳಿನ ಸಿಪ್ಪೆಯನ್ನೇ ಆರಿಸುತ್ತೇನೆ. ಅದರ ನಾರು ಸಲೀಸಾಗಿ ಕರಗುತ್ತದೆ, ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ.

ದಾಣಿ ಎಷ್ಟೇ ಸರಿಯಿದ್ದರೂ ಗೋದಲಿ ಚಿಕ್ಕದಿದ್ದರೆ ಕೆಲಸ ಕೆಟ್ಟಂತೆ. ಒಂದೊಂದಕ್ಕೂ 45ರಿಂದ 60 ಸೆಂಟಿಮೀಟರ್ ಜಾಗ ಬೇಕು. ಇಲ್ಲವಾದರೆ ಜೋರಿನವು ತಿಂದು ಕೊಬ್ಬುತ್ತವೆ, ಪಾಪದವು ಹಿಂದೆ ನಿಂತು ಸೊರಗುತ್ತವೆ. ಸರಾಸರಿ ತೂಕ ಇದನ್ನು ಮುಚ್ಚಿಡುತ್ತದೆ. ಅದಕ್ಕೇ ನಾನು ಒಂದೊಂದರ ತೂಕವನ್ನೂ ಬೇರೆ ಬೇರೆ ನೋಡಿ, ಹಿಂದುಳಿದವನ್ನು ಬೇರೆ ಗುಂಪು ಮಾಡುತ್ತೇನೆ.

ಇನ್ನೊಂದು ಮಾತು. ಕೊಟ್ಟಿಗೆಯಲ್ಲಿ ದಾಣಿ ತಿಂದು ಬೆಳೆದ ಕಡಸನ್ನು ಗರ್ಭಧಾರಣೆ ಮಾಡಿಸಿದ ಮರುದಿನವೇ ಹುಲ್ಲಿಗೆ ಬಿಡಬೇಡಿ. ಮೇಯಲು ಕಲಿಯುವಷ್ಟರಲ್ಲಿ ತೂಕ ಇಳಿಯುತ್ತದೆ, ಗಬ್ಬ ನಿಲ್ಲುವುದೂ ಕಡಿಮೆಯಾಗುತ್ತದೆ. ಕೆಲವು ವಾರ ಮೊದಲೇ ಬಿಟ್ಟು ಅಭ್ಯಾಸ ಮಾಡಿಸಿ. ದಾಣಿಯನ್ನು ಗರ್ಭಧಾರಣೆ ಆದ ಮೇಲೂ ಸ್ವಲ್ಪ ಕಾಲ ಮುಂದುವರಿಸಿ.