ಮುರಿದ ರೆಕ್ಕೆ ಎಲ್ಲಿ ಹೋಯ್ತು?

ಅವತ್ತು ಬೋಟಿನ ಹಿಂಬದಿಯ ಸದ್ದು ಯಾಕೋ ಬೇರೆ ಥರ ಇತ್ತು. ಡೀಸೆಲ್ ಇಂಜಿನ್ ಓಡುವಾಗ ಹೊಗೆಯ ಜೊತೆಗೇ ನೀರನ್ನೂ ಬಿಟ್ಟು ಬಿಟ್ಟು ಉಗುಳುತ್ತಿರುತ್ತದೆ. ಕಿವಿಗೆ ಒಮ್ಮೆ ಅಭ್ಯಾಸವಾದರೆ ಆ ಸದ್ದು ಗಮನಕ್ಕೇ ಬರೋದಿಲ್ಲ. ಅವತ್ತು ಉಗುಳುವುದು ಕಡಿಮೆಯಾಗಿ, ಒಣ ಒಣ ಬಡಿತ ಜಾಸ್ತಿಯಾಗಿತ್ತು. ಬಗ್ಗಿ ನೋಡಿದೆ. ಪೈಪಿನ ಬಾಯಿಂದ ಬಿಳಿ ಆವಿ ಏಳುತ್ತಿತ್ತು. ನೀರು ಒಂದೆಳೆ ಮಾತ್ರ.

"ಏ, ಸುಮ್ನಿರೋ, ಮೀಟರ್ ಸರಿಯಾಗೇ ಇದೆಯಲ್ಲ" ಅಂದ ಗೆಳೆಯ. ಮುಳ್ಳು ನಿಜವಾಗಿಯೂ ಮಾಮೂಲಿ ಜಾಗದಲ್ಲೇ ಇತ್ತು, 80 ಡಿಗ್ರಿ ಆಸುಪಾಸು. ಆದರೂ ಇಂಜಿನ್ ಆರಿಸಿ ಲಂಗರು ಹಾಕಿದೆವು. ಆ ಮೀಟರನ್ನು ನಾನು ಅಷ್ಟಾಗಿ ನಂಬೋದಿಲ್ಲ. ಅದಕ್ಕೆ ಕಾರಣ ಇದೆ.

ಇಂಥ ಇಂಜಿನ್ನಿನಲ್ಲಿ ಎರಡು ನೀರು ಓಡಾಡುತ್ತವೆ. ಒಂದು ಒಳಗಿನದು, ಕೂಲಂಟ್. ಅದು ಇಂಜಿನ್ ಸುತ್ತಿ ಬಿಸಿ ಹೊತ್ತು ತಂದು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಇಳಿಸುತ್ತದೆ. ಇನ್ನೊಂದು ಸಮುದ್ರದ ನೀರು. ತಳದ ವಾಲ್ವ್‌ನಿಂದ ಒಳಬಂದು, ಕಸ ಸೋಸುವ ಸ್ಟ್ರೇನರ್ ದಾಟಿ, ಪಂಪಿನ ಮೂಲಕ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗಿ, ಆ ಬಿಸಿಯನ್ನು ಎತ್ತಿಕೊಂಡು, ಕೊನೆಗೆ ಹೊಗೆಯ ಜೊತೆ ಬೆರೆತು ಆಚೆ ಬೀಳುತ್ತದೆ. ಮೀಟರಿನ ಸೆನ್ಸರ್ ಇರೋದು ಕೂಲಂಟ್‌ನಲ್ಲಿ. ಸಮುದ್ರದ ನೀರು ನಿಂತರೂ ಕೂಲಂಟ್ ಕಾದು ಮುಳ್ಳು ಏಳುವಷ್ಟರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಹೊಗೆಯ ರಬ್ಬರ್ ಓಸ್ ಒಣಗಿ ಸುಡಲು ಶುರುವಾಗಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೂಲಂಟೇ ಸೋರಿ ಹೋಗಿದ್ದರೆ ಸೆನ್ಸರ್ ಗಾಳಿಯಲ್ಲಿ ನಿಂತು ಸುಳ್ಳು ಹೇಳುತ್ತದೆ.

ನೀರು ಬರುವ ದಾರಿಯಲ್ಲೇ ಹುಡುಕುತ್ತಾ ಹೋದೆವು. ಸ್ಟ್ರೇನರ್ ಮುಚ್ಚಳ ತೆಗೆದರೆ ನಾಲ್ಕು ಎಳೆ ಪಾಚಿ, ಅಷ್ಟೇ. ವಾಲ್ವ್ ಮುಚ್ಚಿ, ಓಸ್ ಬಿಚ್ಚಿ, ವಾಲ್ವ್ ಸ್ವಲ್ಪ ತೆರೆದಾಗ ನೀರು ಭರ್ರನೆ ಚಿಮ್ಮಿತು. ಅಂದರೆ ತಪ್ಪಿರೋದು ಪಂಪಿನಲ್ಲಿ.

ಪಂಪಿನ ಮುಖಕ್ಕೆ ಆರು ಪುಟ್ಟ ಸ್ಕ್ರೂ. ಪಂಪ್ ಕೂತಿರೋದು ಇಂಜಿನ್ನಿನ ಗೋಡೆ ಕಡೆಯ ಮಗ್ಗುಲಲ್ಲಿ. ಕಣ್ಣಿಗೆ ಕಾಣೋದಿಲ್ಲ, ಬಲಗೈ ಹೋಗೋದಿಲ್ಲ. ಇದನ್ನು ಅಲ್ಲಿ ಕೂರಿಸಿದವರ ಕೈಯಲ್ಲೇ ಒಮ್ಮೆ ಎಡಗೈಯಿಂದ ಬಿಚ್ಚಿಸಬೇಕು ಅನ್ನಿಸುತ್ತದೆ. ಕೆಳಗೆ ಬಟ್ಟೆ ಹಾಸಿಕೊಂಡೆ. ಜಾರಿದ ಸ್ಕ್ರೂ ಬೋಟಿನ ತಳಕ್ಕೆ ಬಿದ್ದರೆ ಆಮೇಲೆ ದೇವರೇ ಗತಿ.

ಒಳಗೆ ಇಂಪೆಲ್ಲರ್. ಆರು ರೆಕ್ಕೆಯ ರಬ್ಬರ್ ಚಕ್ರ. ಅದರಲ್ಲಿ ಎರಡು ರೆಕ್ಕೆ ಬುಡದಿಂದಲೇ ಕಿತ್ತು ಹೋಗಿದ್ದವು. ಮೂರನೆಯದನ್ನು ಬೆರಳಿನಿಂದ ಬಗ್ಗಿಸಿದರೆ ಬುಡದಲ್ಲಿ ಬಿರುಕು ಬಾಯಿ ಬಿಟ್ಟಿತು. ಈ ರಬ್ಬರ್‌ಗೆ ಹಾದುಹೋಗುವ ನೀರೇ ಎಣ್ಣೆ. ನೀರಿಲ್ಲದೆ ತಿರುಗಿದರೆ ಒಂದೆರಡು ನಿಮಿಷದಲ್ಲೇ ಸುಟ್ಟು ಹರಿದುಹೋಗುತ್ತದೆ. ಬೋಟ್ ಓಡದೆ ನಿಂತಿದ್ದರೂ ಬಗ್ಗಿಕೊಂಡ ರೆಕ್ಕೆಗಳು ಹಾಗೇ ಸೆಟೆದುಕೊಳ್ಳುತ್ತವೆ. ಅದಕ್ಕೇ ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು.

ಹೊಸದು ಬೋಟಿನಲ್ಲೇ ಇತ್ತು. ಗ್ಲಿಸರಿನ್ ಸವರಿ, ತಿರುಗುವ ದಿಕ್ಕಿಗೆ ರೆಕ್ಕೆಗಳನ್ನು ಮಲಗಿಸಿ ಒಳಗೆ ತಳ್ಳಿದೆ. ಮಾಮೂಲಿ ಗ್ರೀಸ್ ಹಚ್ಚಬಾರದು, ರಬ್ಬರ್ ಊದಿಕೊಳ್ಳಬಹುದು. ಮುಖದ ತಗಡಿನ ಮೇಲೆ ಉಗುರು ಎಳೆದರೆ ಸವೆದ ಗುಂಡನೆಯ ಗೀರು ಸಿಕ್ಕಿತು. ಗೀರು ಆಳವಾದರೆ ಪಂಪಿನ ಎಳೆತ ಕಡಿಮೆಯಾಗುತ್ತದೆ. ತಗಡನ್ನು ತಿರುವಿಹಾಕಿ, ಹೊಸ ಪ್ಯಾಕಿಂಗ್ ಕೊಟ್ಟು ಕೂರಿಸಿದೆ.

"ಆಯ್ತಲ್ಲ, ಹೊರಡೋಣ."

"ಆ ಎರಡು ರೆಕ್ಕೆ ಎಲ್ಲಿ?"

"ನೀರಿನ ಜೊತೆ ಆಚೆ ಹೋಗಿರತ್ತೆ ಬಿಡೋ."

ಹೋಗಿರೋಕೆ ಸಾಧ್ಯವೇ ಇಲ್ಲ. ಹೀಟ್ ಎಕ್ಸ್‌ಚೇಂಜರ್ ಒಳಗಿರೋದು ಪೆನ್ಸಿಲಿಗಿಂತ ಸಣ್ಣ ಕೊಳವೆಗಳ ಕಟ್ಟು. ಅಷ್ಟು ದಪ್ಪ ರಬ್ಬರ್ ಅದರಲ್ಲಿ ತೂರೋದಿಲ್ಲ. ಬಾಯಿಗೆ ಅಡ್ಡ ಕೂತು ನೀರು ತಡೆಯುತ್ತದೆ. ಹೊಸ ಇಂಪೆಲ್ಲರ್ ಹಾಕಿದರೂ ಇಂಜಿನ್ ಬಿಸಿಯಾಗುತ್ತಲೇ ಇರುತ್ತದೆ. ಆಗ ಥರ್ಮೋಸ್ಟಾಟ್ ಬದಲಿಸು, ಪಂಪೇ ಬದಲಿಸು ಅಂತ ಶುರುವಾಗುತ್ತದೆ.

ಪಂಪಿನಿಂದ ಹೊರಡುವ ಓಸ್ ಬಿಚ್ಚಿದೆವು. ಮೊದಲ ತಿರುವಿನಲ್ಲೇ ಒಂದು ತುಂಡು ಸಿಕ್ಕಿತು. ಹೀಟ್ ಎಕ್ಸ್‌ಚೇಂಜರ್‌ನ ತುದಿಯ ಮುಚ್ಚಳ ತೆಗೆದಾಗ ಕೊಳವೆಗಳ ಬಾಯಿಗೆ ಅಂಟಿಕೊಂಡು ಎರಡನೆಯದು ಕೂತಿತ್ತು. ಅದರ ಪಕ್ಕದಲ್ಲಿ ಮೂರನೆಯದೊಂದು! ಗಟ್ಟಿಯಾಗಿ, ಉಪ್ಪು ಮೆತ್ತಿಕೊಂಡು, ನಮ್ಮ ಇಂಪೆಲ್ಲರ್‌ಗೆ ಸಂಬಂಧವೇ ಇಲ್ಲದ ಹಳೇ ತುಂಡು. ಮುಂಚೆ ಯಾರೋ ಇಂಪೆಲ್ಲರ್ ಬದಲಿಸಿ, ರೆಕ್ಕೆ ಎಣಿಸದೆ ಎದ್ದು ಹೋಗಿದ್ದರು ಅಂತ ಕಾಣುತ್ತದೆ. ಈ ಇಂಜಿನ್ ಜೋರಾಗಿ ಓಡಿಸಿದಾಗೆಲ್ಲ ಯಾಕೆ ಎರಡು ಗೆರೆ ಜಾಸ್ತಿ ಬಿಸಿ ತೋರಿಸುತ್ತಿತ್ತು ಅನ್ನೋದು ಆಗ ಅರ್ಥವಾಯಿತು. "ಅದರ ಸ್ವಭಾವವೇ ಹಾಗೆ" ಅಂತ ಗೆಳೆಯ ಹೇಳಿಕೊಂಡೇ ಬಂದಿದ್ದ.

ಪಕ್ಕದ ಜಿಂಕ್ ಕಡ್ಡಿಯನ್ನೂ ಬಿಚ್ಚಿದೆ. ಉಪ್ಪುನೀರು ತಾಮ್ರದ ಕೊಳವೆಗಳನ್ನು ತಿನ್ನುವ ಬದಲು ಇದನ್ನು ತಿನ್ನಲಿ ಅಂತ ಇಡುವ ಕಡ್ಡಿ. ಅರ್ಧ ಕರಗಿದರೆ ಬದಲಿಸಬೇಕು. ನಮ್ಮದು ಮೊಂಡು ಬುಡ ಮಾತ್ರ ಉಳಿಸಿಕೊಂಡಿತ್ತು. ಉದುರಿದ ಚೂರುಗಳೂ ಅಲ್ಲೇ ತಳದಲ್ಲಿ ಬಿದ್ದಿದ್ದವು, ರಬ್ಬರಿನ ಜೊತೆ ಸೇರಿ ದಾರಿ ಕಟ್ಟಲು.

ಎಲ್ಲ ಜೋಡಿಸಿದೆವು. ವಾಲ್ವ್ ತೆರೆದಿದೆಯಾ ಅಂತ ಮತ್ತೊಮ್ಮೆ ನೋಡಿ ಕೀ ತಿರುಗಿಸಿದೆ. ಇಂಜಿನ್ ತಕ್ಷಣ ಹಿಡಿಯಿತು. ಹಿಡಿಯದಿದ್ದಾಗ ಸುಮ್ನೆ ತಿರುಗಿಸುತ್ತಲೇ ಇರಬಾರದು. ಪಂಪ್ ನೀರು ತಳ್ಳುತ್ತಲೇ ಇರುತ್ತದೆ, ಅದನ್ನು ಆಚೆ ನೂಕಲು ಹೊಗೆ ಇರೋದಿಲ್ಲ. ಸೈಲೆನ್ಸರ್ ತುಂಬಿ ನೀರು ವಾಪಸ್ ಸಿಲಿಂಡರಿಗೇ ಇಳಿಯಬಹುದು. ಇಂಜಿನ್ ಹಿಡಿಯದಿದ್ದರೆ ತಳದ ವಾಲ್ವ್ ಮುಚ್ಚಿ ತಿರುಗಿಸೋದು, ಹಿಡಿದ ಕೂಡಲೇ ತೆರೆಯೋದು.

ದಡಕ್ಕೆ ಬಂದ ಮೇಲೆ ಉಳಿದ ಕೆಲಸ ಹಿಡಿದೆವು. ಇಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಕೂಲಂಟ್ ನೋಡಿದರೆ ಮಟ್ಟ ಸರಿಯಾಗಿತ್ತು. ಹೊಗೆಯೂ ನೀರೂ ಸೇರುವ ಬಾಗಿದ ಕೊಳವೆ, ಎಲ್ಬೋ, ಬಿಚ್ಚಿದಾಗ ಗೆಳೆಯ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡ. ಮಸಿ, ಉಪ್ಪು, ತುಕ್ಕು ಸೇರಿ ಅರ್ಧ ಬಾಯಿ ಕಟ್ಟಿತ್ತು. ಉಜ್ಜಿ ಮತ್ತೆ ಕೂರಿಸಬಹುದಿತ್ತು. ಆದರೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿದರೂ ಒಳಗೋಡೆಯ ಚಕ್ಕೆ ಉದುರುತ್ತಿತ್ತು. ಹೊಸದನ್ನೇ ಹಾಕಿದೆವು.

ಎಲ್ಲ ಸ್ವಚ್ಛವಾಗಿರುವಾಗಲೇ ಒಂದು ಅಳತೆ ತೆಗೆದುಕೊಂಡೆವು. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಹಿಂದಿನ ಪೈಪಿಗೆ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಇಂಜಿನ್ ಮುಚ್ಚಳದ ಒಳಮೈ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಆಗಾಗ ಬಕೆಟ್ ಹಿಡಿಯುತ್ತೇವೆ. ಸೆಕೆಂಡ್ ಜಾಸ್ತಿಯಾದರೆ ಮೀಟರ್ ಏನೇ ಹೇಳಲಿ, ಮೊದಲು ಸ್ಟ್ರೇನರ್, ಆಮೇಲೆ ಪಂಪಿನ ಮುಖ.