ರೇಡಿಯೊ ಬದಲಿಸುವ ಮೊದಲು ಅರ್ತ್ ನೋಡಿ

ಹಳೆಯ ಟ್ರಕ್ಕುಗಳ ವೈರಿಂಗ್ ಬಗ್ಗೆ ನನ್ನನ್ನು ಕೇಳುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ರೇಡಿಯೊ ಹೊಸದು, ಫ್ಯೂಸು ಸರಿಯಾಗಿದೆ, ಮೀಟರು ಇಟ್ಟರೆ ವೋಲ್ಟೇಜು ತೋರಿಸುತ್ತದೆ. ಆದರೂ ಹೆಡ್‌ಲೈಟ್ ಹಾಕಿದ ಕೂಡಲೇ ರೇಡಿಯೊ ಆರಿಹೋಗುತ್ತದೆ, ಇಲ್ಲವೇ ಎಂಜಿನ್ ಏರಿಸಿದಂತೆ ಸ್ಪೀಕರಿನಲ್ಲಿ ಕೀರಲು ದನಿ ಬರುತ್ತದೆ. ಹುಡುಕಾಟ ಎಲ್ಲಿಂದ ಶುರುಮಾಡಬೇಕು?”

ಅರ್ತ್‌ನಿಂದ ಶುರುಮಾಡಿ ಎಂಬುದೇ ನನ್ನ ಉತ್ತರ. ಕರೆಂಟು ಬ್ಯಾಟರಿಯಿಂದ ರೇಡಿಯೊಗೆ ಬಂದರಷ್ಟೇ ಸಾಲದು, ಅದು ಬ್ಯಾಟರಿಗೆ ಮರಳಿ ಹೋಗಲು ದಾರಿಯೂ ಬೇಕು. ಆ ಮರಳುವ ದಾರಿಯೇ ಅರ್ತ್. ಹೋಗುವ ದಾರಿಗೆ ಬಣ್ಣದ ವೈರು, ಫ್ಯೂಸು, ಸ್ವಿಚ್ಚು ಎಲ್ಲ ಇರುವುದರಿಂದ ಎಲ್ಲರ ಕಣ್ಣೂ ಅಲ್ಲಿಯೇ ಇರುತ್ತದೆ. ಮರಳುವ ದಾರಿ ಮಾತ್ರ ಕ್ಯಾಬಿನ್ನಿನ ತಗಡು, ಛಾಸಿ (ಟ್ರಕ್ಕಿನ ಅಡಿಯ ಉಕ್ಕಿನ ಚೌಕಟ್ಟು) ಮತ್ತು ಎರಡು ಮೂರು ಬೋಲ್ಟುಗಳ ಮೂಲಕ ಸಾಗುವುದರಿಂದ ಅದನ್ನು ಯಾರೂ ವೈರಿಂಗ್ ಎಂದೇ ಲೆಕ್ಕಿಸುವುದಿಲ್ಲ. ಟ್ರಕ್ಕಿನಲ್ಲಿ ಇನ್ನೊಂದು ತೊಡಕಿದೆ. ಕ್ಯಾಬಿನ್ನು ಛಾಸಿಯ ಮೇಲೆ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದ ಕಾರಣ ಕ್ಯಾಬಿನ್ನಿನೊಳಗಿನ ದೀಪ, ವೈಪರ್, ರೇಡಿಯೊ ಎಲ್ಲದರ ಅರ್ತ್ ನಿಂತಿರುವುದು ಕ್ಯಾಬಿನ್ನನ್ನು ಛಾಸಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿಯ ಮೇಲೆ. ಕೆಸರು, ನೀರು ಎರಚುವ ಜಾಗದಲ್ಲೇ ಇರುವ ಆ ಪಟ್ಟಿ ಕಿಲುಬು ಹಿಡಿದು ಎಳೆಎಳೆಯಾಗಿ ತುಂಡಾಗುತ್ತದೆ. ಕೊನೆಗೆ ಉಳಿದ ನಾಲ್ಕಾರು ಎಳೆಗಳು ರೇಡಿಯೊ ಒಂದಕ್ಕೆ ಸಾಕಾಗುತ್ತವೆ, ಹೆಡ್‌ಲೈಟೂ ಸೇರಿದಾಗ ಸಾಕಾಗುವುದಿಲ್ಲ.

“ಮೀಟರು 12 ವೋಲ್ಟ್ ತೋರಿಸುತ್ತದಲ್ಲ” ಎಂಬ ಮಾತಿನಲ್ಲಿರುವ ಮೋಸವೂ ಇದೇ. ಡಿಜಿಟಲ್ ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ಎಳೆ ಉಳಿದಿರುವ ವೈರಿನ ತುದಿಯಲ್ಲೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಒಂದು ಜಾಯಿಂಟಿನಲ್ಲಿ 0.1 ಓಮ್ ತಡೆ ಇದ್ದರೆ 5 ಆಂಪಿಯರ್ ಹರಿಯುವಾಗ ಅಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತದೆ, 20 ಆಂಪಿಯರ್ ಹರಿದರೆ 2 ವೋಲ್ಟ್. ಏನೂ ಹರಿಯದಿದ್ದಾಗ ಏನೂ ಕಳೆಯುವುದಿಲ್ಲ. ಆದ್ದರಿಂದ ಅಳತೆ ಮಾಡುವಾಗ ರೇಡಿಯೊ, ಹೆಡ್‌ಲೈಟ್, ಫ್ಯಾನು ಎಲ್ಲವೂ ಓಡುತ್ತಿರಬೇಕು.

ಅಳೆಯುವ ಕ್ರಮ ಹೀಗಿದೆ. ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೆಯೇ ಒತ್ತಿ ಹಿಡಿಯಬೇಕು, ಅದರ ಮೇಲಿನ ಕ್ಲಾಂಪಿನ ಮೇಲಲ್ಲ. ಇನ್ನೊಂದು ಮೊನೆಯನ್ನು ರೇಡಿಯೊದ ಲೋಹದ ಪೆಟ್ಟಿಗೆಗೆ ಮುಟ್ಟಿಸಬೇಕು. ಮೀಟರಿನ ವೈರು ಸಾಲದಿದ್ದರೆ ಯಾವುದಾದರೂ ಉದ್ದದ ವೈರನ್ನು ಸೇರಿಸಿಕೊಳ್ಳಬಹುದು, ಅದರಿಂದ ಅಳತೆ ಕೆಡುವುದಿಲ್ಲ. 0.1 ಅಥವಾ 0.2 ವೋಲ್ಟ್ ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ರೇಡಿಯೊದ ಮೊನೆಯನ್ನು ಹಂತಹಂತವಾಗಿ ಬ್ಯಾಟರಿಯ ಕಡೆಗೆ ತನ್ನಿ: ಡ್ಯಾಶ್‌ಬೋರ್ಡಿನ ಚೌಕಟ್ಟು, ಕ್ಯಾಬಿನ್ನಿನ ನೆಲ, ಛಾಸಿ, ಬ್ಯಾಟರಿ ಕೇಬಲ್ಲಿನ ಬೋಲ್ಟು, ಕೊನೆಗೆ ಕ್ಲಾಂಪು. ಯಾವ ಎರಡು ಜಾಗಗಳ ನಡುವೆ ಅಂಕಿ ಥಟ್ಟನೆ ಇಳಿಯುತ್ತದೆಯೋ ದೋಷ ಅಲ್ಲಿದೆ. ಆ ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸು ಹಚ್ಚಬೇಕು. ಬ್ಯಾಟರಿಯ ಪ್ಲಸ್ ಕಂಬದಿಂದ ರೇಡಿಯೊದ ಪ್ಲಸ್ ವೈರಿನವರೆಗೂ ಇದೇ ರೀತಿ ಅಳೆಯಬಹುದು. ಅಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಫ್ಯೂಸಲ್ಲ, ಅದನ್ನು ಹಿಡಿದಿರುವ ಸಡಿಲವಾದ ಹಿತ್ತಾಳೆಯ ಹಲ್ಲುಗಳು.

ಮೀಟರಿಲ್ಲದವರಿಗೂ ಒಂದು ಪರೀಕ್ಷೆ ಇದೆ. ರೇಡಿಯೊ ಓಡುತ್ತಿರುವಾಗ ಹಿಂಬದಿಯ ಆಂಟೆನಾ ಪ್ಲಗ್ಗನ್ನು ಎಳೆಯಿರಿ. ಸ್ಟೇಷನ್ ಹೋಗಬೇಕು, ಅದು ಸಹಜ. ಡಿಸ್‌ಪ್ಲೇಯೂ ಆರಿದರೆ ಅಥವಾ ಮಂಕಾದರೆ, ಕಪ್ಪು ಅರ್ತ್ ವೈರು ಹೆಸರಿಗೆ ಮಾತ್ರ ಇದೆ, ಕರೆಂಟು ಆಂಟೆನಾ ಕೇಬಲ್ಲಿನ ಹೊರಜಾಲರಿಯ ಮೂಲಕ ಕ್ಯಾಬಿನ್ನಿನ ತಗಡಿಗೆ ಹೋಗುತ್ತಿದೆ ಎಂದರ್ಥ. ಇಂಥ ರೇಡಿಯೊ ಎಲ್ಲ ಗದ್ದಲವನ್ನೂ ಹಾಡಿನೊಳಗೆ ಎಳೆದುಕೊಳ್ಳುತ್ತದೆ.

ಕೀರಲು ದನಿಯ ವಿಚಾರದಲ್ಲೂ ಆಂಟೆನಾ ಪ್ಲಗ್ಗೇ ಮೊದಲ ಸಾಕ್ಷಿ. ಅದನ್ನು ಕಿತ್ತಾಗ ಸದ್ದು ನಿಂತರೆ ಅದು ಗಾಳಿಯಲ್ಲಿ ಬರುತ್ತಿದೆ, ಆಂಟೆನಾ ಬುಡದ ಅರ್ತನ್ನು ನೋಡಬೇಕು. ನಿಲ್ಲದಿದ್ದರೆ ಸಪ್ಲೈ ವೈರಿನಲ್ಲಿ ಬರುತ್ತಿದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ಅನುಮಾನ ನೇರವಾಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಮೇಲೆ ಹೋಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎ.ಸಿ. ವೋಲ್ಟ್ ಅಳೆದು ನೋಡಿ; ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನೊಳಗೆ ಎ.ಸಿ.ಯನ್ನು ಡಿ.ಸಿ. ಮಾಡುವ ಡಯೋಡು ಹೋಗಿರುವ ಸಾಧ್ಯತೆ ಹೆಚ್ಚು, ಆಗ ಸದ್ದು ತಡೆಯುವ ಫಿಲ್ಟರ್ ಕೊಳ್ಳುವುದು ರೋಗ ಬಿಟ್ಟು ನೋವಿಗೆ ಮದ್ದು ಹಚ್ಚಿದಂತೆ.

ದೊಡ್ಡ ಟ್ರಕ್ಕುಗಳದು 24 ವೋಲ್ಟ್ ವ್ಯವಸ್ಥೆ, ಅಂದರೆ ಸಾಲಾಗಿ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿಗಳು. ಕಾರಿನ ರೇಡಿಯೊ ಹಾಕುವವರು ಎರಡರ ನಡುವಿನಿಂದ ಒಂದು ವೈರು ಎಳೆದು 12 ವೋಲ್ಟ್ ಪಡೆಯುತ್ತಾರೆ. ರೇಡಿಯೊ ಹಾಡುತ್ತದೆ, ನಿಜ. ಆದರೆ ಅರ್ತ್ ಕಡೆಯ ಬ್ಯಾಟರಿಯೊಂದೇ ಖಾಲಿಯಾಗುತ್ತಾ, ಚಾರ್ಜಿಂಗ್ ಮಾತ್ರ ಎರಡಕ್ಕೂ ಒಟ್ಟಿಗೆ ಆಗುವುದರಿಂದ, ಅದು ಸದಾ ಅರೆಹೊಟ್ಟೆಯಲ್ಲೂ ಇನ್ನೊಂದು ಅತಿ ಚಾರ್ಜಿನಲ್ಲೂ ಉಳಿದು ಎರಡೂ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದು ಸರಿಯಾದ ದಾರಿ.

ವೈರಿನ ಬಣ್ಣವನ್ನು ನಂಬಬೇಡಿ. ಹೊಸ ರೇಡಿಯೊ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ಸದಾ ಪ್ಲಸ್, ಕೆಂಪು ಕೀಲಿ ತಿರುಗಿಸಿದಾಗಿನ ಪ್ಲಸ್, ಕಪ್ಪು ಅರ್ತ್ ಆಗಿರುತ್ತವೆ. ಟ್ರಕ್ಕಿನ ಕಡೆಯ ವೈರುಗಳು ಆ ನಿಯಮ ಪಾಲಿಸಬೇಕೆಂದೇನಿಲ್ಲ, ಎಷ್ಟೋ ಕೈಗಳು ಅವನ್ನು ಕತ್ತರಿಸಿ ಜೋಡಿಸಿರುತ್ತವೆ. ಕೀಲಿ ತೆಗೆದ ಕೂಡಲೇ ಸ್ಟೇಷನ್‌ಗಳು ಅಳಿಸಿಹೋದರೆ ಹಳದಿ ಮತ್ತು ಕೆಂಪು ಅದಲುಬದಲಾಗಿವೆ.

ಸ್ಪೀಕರಿನ ಬಗ್ಗೆ ಒಂದು ಎಚ್ಚರಿಕೆ. ಬಹಳ ಹಳೆಯ ವಾಹನಗಳಲ್ಲಿ ಸ್ಪೀಕರಿಗೆ ಒಂದೇ ವೈರು ಹೋಗಿ, ಇನ್ನೊಂದು ತುದಿ ವಾಹನದ ತಗಡಿಗೆ ಅರ್ತ್ ಆಗಿರುತ್ತಿತ್ತು. ಈಗಿನ ಸೆಟ್ಟುಗಳ ಸ್ಪೀಕರ್ ಮೈನಸ್ ಅರ್ತ್ ಅಲ್ಲ, ಅದರಲ್ಲೂ ವೋಲ್ಟೇಜು ಇರುತ್ತದೆ. ಅದನ್ನು ತಗಡಿಗೆ ಮುಟ್ಟಿಸಿದರೆ ಒಳಗಿನ ಆಂಪ್ಲಿಫೈಯರ್ ಸುಡಬಹುದು. ಸೆಟ್ಟಿನಿಂದ ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರು ಎಳೆಯಬೇಕು.

ಇಷ್ಟೆಲ್ಲ ನೋಡಿದ ಮೇಲೂ ರಸ್ತೆಯಲ್ಲಿ ಗುಂಡಿ ಸಿಕ್ಕಾಗ ಮಾತ್ರ ರೇಡಿಯೊ ಕೈಕೊಡುತ್ತಿದ್ದರೆ, ಮುಂದಕ್ಕೆ ಮಡಚುವ ಕ್ಯಾಬಿನ್ನಾಗಿದ್ದಲ್ಲಿ, ವೈರಿನ ಕಟ್ಟು ಕೀಲಿನ ಬಳಿ ಬಾಗುವ ಜಾಗವನ್ನು ನೋಡಿ. ಪ್ರತಿ ಸಲ ಬಾಗಿ ಬಾಗಿ ತಾಮ್ರ ಒಳಗೇ ತುಂಡಾಗಿರುತ್ತದೆ, ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಒಂದೊಂದೇ ವೈರನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ, ತುಂಡಾದದ್ದು ಆ ಜಾಗದಲ್ಲಿ ಹಿಗ್ಗುತ್ತದೆ. ಆ ತುಂಡನ್ನು ಕತ್ತರಿಸಿ ತೆಗೆದು, ಬಾಗುವ ಜಾಗದಿಂದ ಆಚೀಚೆ ಒಂದು ಗೇಣು ದೂರದಲ್ಲಿ ಜಾಯಿಂಟು ಬರುವಂತೆ ಅದೇ ದಪ್ಪದ ಹೊಸ ವೈರು ಸೇರಿಸಿ, ಕ್ಯಾಬಿನ್ ಪೂರ್ತಿ ಎತ್ತಿದಾಗಲೂ ಬಿಗಿಯಾಗದಷ್ಟು ಸಡಿಲ ಬಿಡಿ.